ಮಕ್ಕಳ ಹಲ್ಲಿನ ಎಕ್ಸ್-ರೇ: ಒಪ್ಪುವ ಮುನ್ನ ಕೇಳಬೇಕಾದದ್ದು, ಕರೆದೊಯ್ಯುವ ಮುನ್ನ ಮಾಡಬೇಕಾದದ್ದು

ಮಗುವಿನ ಹಲ್ಲಿಗೆ ಎಕ್ಸ್-ರೇ ತೆಗೆಸಬೇಕೆಂದು ದಂತವೈದ್ಯರು ಹೇಳಿದಾಗ ತಂದೆ ತಾಯಿಯ ಮನಸ್ಸಿನಲ್ಲಿ ಎರಡು ಅಳುಕುಗಳು ಒಟ್ಟಿಗೆ ಏಳುತ್ತವೆ. ವಿಕಿರಣದಿಂದ ಮಗುವಿಗೆ ಏನಾದರೂ ಆದೀತೇ ಎಂಬುದು ಒಂದು. ಮಗು ಬಾಯಲ್ಲಿ ಆ ವಸ್ತುವನ್ನು ಇಟ್ಟುಕೊಂಡು ಅಲುಗಾಡದೆ ಕೂತೀತೇ ಎಂಬುದು ಇನ್ನೊಂದು. ಈ ಎರಡಕ್ಕೂ ನೇರ ನಂಟಿದೆ. ಮಗು ಅಲುಗಾಡಿ ಚಿತ್ರ ಕೆಟ್ಟರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ಮೊದಲ ಬಾರಿ ಮೈಮೇಲೆ ಬಿದ್ದ ವಿಕಿರಣದಿಂದ ಯಾರಿಗೂ ಏನೂ ಪ್ರಯೋಜನವಾಗಿರುವುದಿಲ್ಲ. ಆದ್ದರಿಂದ ಪೋಷಕರ ಕೈಯಲ್ಲಿರುವ ಕೆಲಸ ಎರಡು: ಈ ಎಕ್ಸ್-ರೇ ಈ ಮಗುವಿಗೆ ಈಗ ಏಕೆ ಬೇಕು ಎಂದು ಕೇಳಿ ತಿಳಿದುಕೊಳ್ಳುವುದು, ಬೇಕೆಂದಾದರೆ ಅದು ಒಂದೇ ಸಲಕ್ಕೆ ಸರಿಯಾಗಿ ಬರುವಂತೆ ಮಗುವನ್ನು ಅಣಿಗೊಳಿಸುವುದು. ಮುಂದೆ ಬರೆದಿರುವುದೆಲ್ಲ ಈ ಎರಡು ಕೆಲಸಗಳ ವಿವರವೇ.

ಕಣ್ಣು ತಲುಪದ ಜಾಗ

ಪುಟ್ಟ ಕನ್ನಡಿ ಮತ್ತು ಬೆಳಕು ಹಿಡಿದು ಬಾಯೊಳಗೆ ನೋಡುವ ವೈದ್ಯರಿಗೆ ಹಲ್ಲಿನ ಅಗಿಯುವ ಮೈ, ಕೆನ್ನೆಯ ಕಡೆಯ ಮೈ, ನಾಲಿಗೆಯ ಕಡೆಯ ಮೈ ಕಾಣುತ್ತವೆ. ಒಂದು ಹಲ್ಲು ಪಕ್ಕದ ಹಲ್ಲಿಗೆ ತಾಗಿಕೊಂಡಿರುವ ಮೈ ಮಾತ್ರ ಕಾಣುವುದಿಲ್ಲ. ಸಣ್ಣ ಮಕ್ಕಳಲ್ಲಿ ಹುಳುಕು ಸದ್ದಿಲ್ಲದೆ ಬೆಳೆಯುವ ಜಾಗಗಳಲ್ಲಿ ಅದು ಮುಖ್ಯವಾದುದು, ವಿಶೇಷವಾಗಿ ಎರಡು ಹಾಲು ದವಡೆಹಲ್ಲುಗಳ ನಡುವಿನ ಸಂದು. ಶಾಶ್ವತ ಹಲ್ಲಿಗೆ ಹೋಲಿಸಿದರೆ ಹಾಲುಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಹೊದಿಕೆ, ತೆಳು; ನರ ಮತ್ತು ರಕ್ತನಾಳಗಳಿರುವ ಒಳಗಿನ ತಿರುಳು ಮೇಲ್ಮೈಗೆ ಹತ್ತಿರ. ಹೀಗಾಗಿ ಹುಳುಕು ಒಮ್ಮೆ ಎನಾಮಲ್ ದಾಟಿತೆಂದರೆ ತಿರುಳನ್ನು ಮುಟ್ಟಲು ಬಹಳ ಕಾಲ ಹಿಡಿಯುವುದಿಲ್ಲ, ಮತ್ತು ಹೊರಗಿನಿಂದ ಗುಳಿ ಕಾಣುವ ಹೊತ್ತಿಗೆ ಒಳಗೆ ಹಾನಿ ಸಾಕಷ್ಟು ಮುಂದುವರಿದಿರಬಹುದು. ಹೇಗೂ ಬಿದ್ದುಹೋಗುವ ಹಲ್ಲಿಗೆ ಇಷ್ಟು ಆರೈಕೆ ಏಕೆ ಎಂದು ಕೆಲವರು ಕೇಳುತ್ತಾರೆ. ಹಿಂದಿನ ಹಾಲು ದವಡೆಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದ ವಯಸ್ಸಿನವರೆಗೂ ಬಾಯಲ್ಲಿದ್ದು, ಮಗು ಅಗಿಯಲು ನೆರವಾಗುವುದರ ಜೊತೆಗೆ ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯ್ದಿಡಬೇಕಾದವು ಎಂಬುದನ್ನು ನೆನಪಿಟ್ಟರೆ ಆ ಪ್ರಶ್ನೆ ಉಳಿಯುವುದಿಲ್ಲ.

ಒಸಡಿನ ಕೆಳಗೂ ನೋಡಬೇಕಾದದ್ದಿದೆ. ಬೇರಿನ ಸುತ್ತ ಕೀವು ಕಟ್ಟಿದೆಯೇ, ಮೂಳೆ ಕರಗಿದೆಯೇ, ಶಾಶ್ವತ ಹಲ್ಲಿನ ಮೊಳಕೆ ಇದೆಯೇ, ಇದ್ದರೆ ಸರಿಯಾದ ದಿಕ್ಕಿನಲ್ಲಿದೆಯೇ ಎಂಬುದನ್ನು ಎಕ್ಸ್-ರೇ ತೋರಿಸುತ್ತದೆ. ಕೆಲವು ಮಕ್ಕಳಿಗೆ ಕೆಲವು ಹಲ್ಲುಗಳು ಹುಟ್ಟಿನಿಂದಲೇ ಇರುವುದಿಲ್ಲ. ಮತ್ತೆ ಕೆಲವರಲ್ಲಿ ಮೇಲಿನ ಎರಡು ಮುಂಬಾಚಿಹಲ್ಲುಗಳ ನಡುವೆ ಒಂದು ಹೆಚ್ಚುವರಿ ಹಲ್ಲು ಮೂಳೆಯಲ್ಲಿ ಹುದುಗಿದ್ದು ಉಳಿದವುಗಳ ದಾರಿಗೆ ಅಡ್ಡವಾಗಿರುತ್ತದೆ. ಒಂದು ಕಡೆಯ ಬಾಚಿಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಕಡೆಯದು ಮೂಡದಿದ್ದರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಹಾಗೆಯೇ ಒಂಬತ್ತು ಹತ್ತು ವರ್ಷದ ಮಗುವಿನ ಮೇಲಿನ ಕೋರೆಹಲ್ಲಿನ ಉಬ್ಬು ಒಸಡಿನ ಮೇಲೆ ಬೆರಳಾಡಿಸಿದಾಗ ಸಿಗದಿದ್ದರೆ, ಅದು ಅಂಗುಳಿನ ಕಡೆಗೆ ಸರಿದಿದೆಯೇ ಎಂದು ತಿಳಿಯಲು ಎಕ್ಸ್-ರೇ ಬೇಕಾಗಬಹುದು. ಇದನ್ನು ಸಕಾಲದಲ್ಲಿ ಗುರುತಿಸಿದರೆ ಮುಂದೆ ಶಸ್ತ್ರಚಿಕಿತ್ಸೆಯ ಅಗತ್ಯವನ್ನೇ ತಪ್ಪಿಸುವ ಸಾಧ್ಯತೆ ಇರುತ್ತದೆ.

ಎಕ್ಸ್-ರೇಗೂ ತನ್ನದೇ ಮಿತಿ ಇದೆ. ಹುಳುಕಿನ ತೀರಾ ಆರಂಭದ ಹಂತ ಅದರಲ್ಲಿ ಕಾಣುವುದಿಲ್ಲ. ಆ ಜಾಗದ ಖನಿಜಾಂಶದಲ್ಲಿ ಸುಮಾರು 30ರಿಂದ 40 ಶೇಕಡಾ ಕರಗಿದ ಮೇಲಷ್ಟೇ ಅಲ್ಲಿ ಕಪ್ಪು ನೆರಳು ಮೂಡುತ್ತದೆ. ಚಿತ್ರದಲ್ಲಿ ಕಾಣುವ ಆಳಕ್ಕಿಂತ ನಿಜವಾದ ಆಳ ಸ್ವಲ್ಪ ಹೆಚ್ಚೇ ಇರುತ್ತದೆ. ಆದ್ದರಿಂದ ಚಿತ್ರ ಚೊಕ್ಕಟವಾಗಿ ಬಂದಿದೆ ಎಂಬ ಕಾರಣಕ್ಕೆ ಹಲ್ಲುಜ್ಜುವುದರಲ್ಲಿ ಸಡಿಲ ಬಿಡುವುದು ತಪ್ಪಾಗುತ್ತದೆ.

ಯಾವಾಗ ತೆಗೆಸಬೇಕು

ಇಂಥ ವಯಸ್ಸಿಗೆ ಇಷ್ಟು ಎಕ್ಸ್-ರೇ ಎಂಬ ನಿಗದಿತ ವೇಳಾಪಟ್ಟಿ ಇಲ್ಲ, ಇರಲೂ ಬಾರದು. ವೈದ್ಯರು ಮೊದಲು ಮಗುವಿನ ಬಾಯಿಯನ್ನು ಪರೀಕ್ಷಿಸಬೇಕು, ಆಹಾರಾಭ್ಯಾಸ ಮತ್ತು ಹಿಂದಿನ ಚಿಕಿತ್ಸೆಯನ್ನು ವಿಚಾರಿಸಬೇಕು, ಹಳೆಯ ಎಕ್ಸ್-ರೇಗಳಿದ್ದರೆ ನೋಡಬೇಕು, ಆಮೇಲೆ ಅಗತ್ಯವನ್ನು ತೀರ್ಮಾನಿಸಬೇಕು. ಬಾಯಿ ತೆರೆದು ನೋಡುವ ಮೊದಲೇ ಎಲ್ಲ ಮಕ್ಕಳನ್ನೂ ಎಕ್ಸ್-ರೇ ಕೋಣೆಗೆ ಕಳುಹಿಸುವ ರೂಢಿ ಎಲ್ಲಿದ್ದರೂ ಅದನ್ನು ಪ್ರಶ್ನಿಸುವ ಹಕ್ಕು ಪೋಷಕರಿಗಿದೆ ಎಂದೇ ನನ್ನ ಅಭಿಪ್ರಾಯ.

ಒಂದು ವರ್ಷದ ಮಗುವಿನ ಮೊದಲ ಭೇಟಿಯಲ್ಲಿ, ಬಿದ್ದು ಪೆಟ್ಟಾಗಿಲ್ಲದಿದ್ದರೆ, ಸಾಮಾನ್ಯವಾಗಿ ಎಕ್ಸ್-ರೇ ಬೇಕಾಗುವುದಿಲ್ಲ. ಹಾಲುಹಲ್ಲುಗಳ ನಡುವೆ ಸಂದು ತೆರೆದಿದ್ದು ಪಕ್ಕದ ಮೈಗಳು ಕಣ್ಣಿಗೆ ಕಾಣುತ್ತಿದ್ದರೆ ಹುಳುಕಿನ ತಪಾಸಣೆಗೆ ಎಕ್ಸ್-ರೇಯ ಹಂಗಿಲ್ಲ. ಹಿಂದಿನ ಎರಡು ಹಾಲು ದವಡೆಹಲ್ಲುಗಳು ಒಂದಕ್ಕೊಂದು ತಾಗಿಕೊಂಡ ಮೇಲೆ ಪ್ರಶ್ನೆ ಬರುತ್ತದೆ. ಅಲ್ಲಿಂದ ಮುಂದೆ ಎಷ್ಟು ಅಂತರದಲ್ಲಿ ತೆಗೆಸಬೇಕು ಎಂಬುದು ಆ ಮಗುವಿಗೆ ಹುಳುಕು ಬರುವ ಸಂಭವ ಎಷ್ಟಿದೆ ಎಂಬುದನ್ನು ಅವಲಂಬಿಸಿದೆ. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯ ಮಾರ್ಗಸೂಚಿಯಲ್ಲಿರುವಂತೆ, ಈಗಾಗಲೇ ಹುಳುಕಿರುವ ಅಥವಾ ಹುಳುಕಿನ ಸಂಭವ ಹೆಚ್ಚಿರುವ ಮಕ್ಕಳಿಗೆ 6ರಿಂದ 12 ತಿಂಗಳಿಗೊಮ್ಮೆ, ಹುಳುಕಿಲ್ಲದ ಮತ್ತು ಸಂಭವವೂ ಕಡಿಮೆ ಇರುವ ಚಿಕ್ಕ ಮಕ್ಕಳಿಗೆ 12ರಿಂದ 24 ತಿಂಗಳಿಗೊಮ್ಮೆ, ಶಾಶ್ವತ ಹಲ್ಲುಗಳು ಬಂದಿರುವ ಹದಿಹರೆಯದವರಿಗೆ 18ರಿಂದ 36 ತಿಂಗಳಿಗೊಮ್ಮೆ ತೆಗೆಸಿದರೆ ಸಾಕು; ಅದೂ ಪಕ್ಕದ ಮೈಗಳನ್ನು ಕಣ್ಣಿನಿಂದ ನೋಡಲಾಗದಿದ್ದಾಗ ಮಾತ್ರ. ಊಟಗಳ ನಡುವೆ ಪದೇ ಪದೇ ಸಿಹಿ ತಿನ್ನುವುದು, ರಾತ್ರಿ ಸಿಹಿ ಪಾನೀಯದ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವುದು, ಹಲ್ಲಿನ ಮೇಲೆ ಸುಣ್ಣದಂತಹ ಬಿಳಿ ಮಚ್ಚೆಗಳಿರುವುದು, ತಾಯಿಗೋ ಒಡಹುಟ್ಟಿದವರಿಗೋ ಹುಳುಕು ಹೆಚ್ಚಿರುವುದು, ಹಲ್ಲಿಗೆ ಕ್ಲಿಪ್ ಹಾಕಿಸಿರುವುದು, ಬಾಯಿ ಒಣಗಿಸುವ ಔಷಧಿ ಸೇವಿಸುತ್ತಿರುವುದು ಇವೆಲ್ಲ ಸಂಭವವನ್ನು ಹೆಚ್ಚಿಸುತ್ತವೆ. ಇವುಗಳನ್ನು ವೈದ್ಯರು ಕೇಳುವ ಮೊದಲೇ ಮುಚ್ಚುಮರೆಯಿಲ್ಲದೆ ಹೇಳಿದರೆ ಅವರ ತೀರ್ಮಾನ ನಿಖರವಾಗುತ್ತದೆ.

ಮಕ್ಕಳಿಗೆ ಹೆಚ್ಚಾಗಿ ತೆಗೆಯುವುದು ಬೈಟ್‌ವಿಂಗ್ ಎಂಬ ಎಕ್ಸ್-ರೇ. ಚಿತ್ರವನ್ನು ಸೆರೆಹಿಡಿಯುವ ಪುಟ್ಟ ಫಿಲ್ಮ್ ಅಥವಾ ಡಿಜಿಟಲ್ ಸೆನ್ಸರನ್ನು ನಾಲಿಗೆಯ ಪಕ್ಕದಲ್ಲಿಟ್ಟು, ಅದಕ್ಕೆ ಅಂಟಿಸಿದ ಪಟ್ಟಿಯನ್ನು ಮಗು ಕಚ್ಚಿ ಹಿಡಿಯುತ್ತದೆ. ಮೇಲಿನ ಹಾಗೂ ಕೆಳಗಿನ ದವಡೆಹಲ್ಲುಗಳ ಸಂದುಗಳು ಒಂದೇ ಚಿತ್ರದಲ್ಲಿ ಬೀಳುತ್ತವೆ. ಬಲಕ್ಕೊಂದು ಎಡಕ್ಕೊಂದು, ಹೀಗೆ ಎರಡು ಚಿತ್ರಗಳು ಚಿಕ್ಕ ಮಕ್ಕಳಿಗೆ ಸಾಕು. ಒಂದು ಹಲ್ಲಿನ ಬೇರಿನ ತುದಿಯವರೆಗೆ ನೋಡಬೇಕಾದಾಗ ಪೆರಿಅಪಿಕಲ್ ಎಕ್ಸ್-ರೇ, ಮುಂಭಾಗದ ಹಲ್ಲುಗಳಿಗೆ ಪೆಟ್ಟಾದಾಗ ಅಥವಾ ಹುದುಗಿದ ಹಲ್ಲನ್ನು ಹುಡುಕುವಾಗ ಅಕ್ಲೂಸಲ್ ಎಕ್ಸ್-ರೇ ತೆಗೆಯುತ್ತಾರೆ. ಎರಡೂ ದವಡೆಗಳನ್ನು ಒಟ್ಟಾಗಿ ತೋರಿಸುವ ಓಪಿಜಿಯಲ್ಲಿ ಬಾಯೊಳಗೆ ಫಿಲ್ಮ್ ಇಡುವುದಿಲ್ಲ, ಯಂತ್ರವೇ ತಲೆಯ ಸುತ್ತ ತಿರುಗುತ್ತದೆ. ಆದರೆ ಹತ್ತಿಪ್ಪತ್ತು ಸೆಕೆಂಡು ಅಲುಗದೆ ನಿಲ್ಲಬೇಕಾದ್ದರಿಂದ ತೀರಾ ಚಿಕ್ಕ ಮಕ್ಕಳಿಗೆ ಇದು ಕಷ್ಟ, ಮತ್ತು ಹಲ್ಲಿನ ಸಂದಿನ ಸಣ್ಣ ಹುಳುಕನ್ನು ಇದು ಬೈಟ್‌ವಿಂಗ್‌ನಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್‌ನ ವಿಕಿರಣ ಇವೆಲ್ಲಕ್ಕಿಂತ ಹೆಚ್ಚಿರುವುದರಿಂದ, ಸಾಮಾನ್ಯ ಎಕ್ಸ್-ರೇಯಿಂದ ಉತ್ತರ ಸಿಗದ ನಿರ್ದಿಷ್ಟ ತೊಂದರೆಗಳಿಗೆ ಮಾತ್ರ ಅದನ್ನು ಮೀಸಲಿಡಬೇಕು.

ವಿಕಿರಣದ ಪ್ರಮಾಣವನ್ನು ಅಳೆದು ನೋಡೋಣ

ಜರ್ಮನಿಯ ದಂತವೈದ್ಯ ಆಟೋ ವಾಲ್ಕಾಫ್ 1896ರಲ್ಲಿ, ಎಕ್ಸ್-ಕಿರಣಗಳ ಶೋಧದ ಸುದ್ದಿ ಬಂದ ಕೆಲವೇ ದಿನಗಳಲ್ಲಿ, ತಮ್ಮದೇ ಹಲ್ಲುಗಳ ಚಿತ್ರ ತೆಗೆಸಿಕೊಂಡಾಗ 25 ನಿಮಿಷ ಕಿರಣಗಳ ಮುಂದೆ ಇರಬೇಕಾಯಿತು. ಇಂದಿನ ಡಿಜಿಟಲ್ ಯಂತ್ರಕ್ಕೆ ಸೆಕೆಂಡಿನ ಒಂದು ಸಣ್ಣ ಭಾಗ ಸಾಕು. ನಾವೆಲ್ಲರೂ ಮಣ್ಣು, ಗಾಳಿ, ಆಕಾಶದಿಂದ ಬರುವ ಸಹಜ ವಿಕಿರಣದಲ್ಲೇ ಬದುಕುತ್ತೇವೆ. ಜಗತ್ತಿನ ಸರಾಸರಿ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ಸೀವರ್ಟ್ ಎಂಬುದು ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ; ಒಂದು ಮಿಲಿಸೀವರ್ಟ್ ಎಂದರೆ ಸಾವಿರ ಮೈಕ್ರೋಸೀವರ್ಟ್), ಅಂದರೆ ದಿನಕ್ಕೆ ಆರೇಳು ಮೈಕ್ರೋಸೀವರ್ಟ್. ಒಳ್ಳೆಯ ಸಲಕರಣೆಯಲ್ಲಿ ತೆಗೆದ ಒಂದು ಜೊತೆ ಬೈಟ್‌ವಿಂಗ್‌ನಿಂದ ಬರುವುದು ಕೆಲವೇ ಮೈಕ್ರೋಸೀವರ್ಟ್, ಅಂದರೆ ಒಂದೆರಡು ದಿನದ ಸಹಜ ವಿಕಿರಣದಷ್ಟು. ಓಪಿಜಿಯಲ್ಲಿ ಅದು ಕೆಲವು ದಿನಗಳಷ್ಟಾದರೆ, ಸಿಬಿಸಿಟಿಯಲ್ಲಿ ಯಂತ್ರ ಹಾಗೂ ಸ್ಕ್ಯಾನ್ ಮಾಡುವ ಭಾಗದ ಗಾತ್ರಕ್ಕೆ ತಕ್ಕಂತೆ ಹತ್ತಾರು ಮೈಕ್ರೋಸೀವರ್ಟ್‌ನಿಂದ ನೂರಾರು ಮೈಕ್ರೋಸೀವರ್ಟ್‌ವರೆಗೂ ಹೋಗುತ್ತದೆ. ಚಿತ್ರ ತೆಗೆದು ಮುಗಿದ ಮೇಲೆ ಮಗುವಿನ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ಮನೆಗೆ ಬಂದ ಮಗುವನ್ನು ಎತ್ತಿಕೊಳ್ಳಲು ಗರ್ಭಿಣಿಯರೂ ಹೆದರಬೇಕಾಗಿಲ್ಲ.

ಪ್ರಮಾಣ ಇಷ್ಟು ಕಡಿಮೆಯಾದರೂ ಎಚ್ಚರ ಬೇಡವೆಂದಲ್ಲ. ಮಕ್ಕಳ ಜೀವಕೋಶಗಳು ವೇಗವಾಗಿ ವಿಭಜನೆಯಾಗುತ್ತವೆ, ಅವರ ಮುಂದೆ ದೀರ್ಘ ಆಯುಷ್ಯವಿದೆ, ಚಿಕ್ಕ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ದವಡೆಗೆ ಹತ್ತಿರದಲ್ಲೇ ಇದೆ. ಮಕ್ಕಳ ಮೇಲೆ ಬೀಳುವ ವಿಕಿರಣವನ್ನು ತಗ್ಗಿಸಲು ಅಮೆರಿಕದಲ್ಲಿ ನಡೆಯುವ ‘ಇಮೇಜ್ ಜೆಂಟ್ಲಿ’ ಅಭಿಯಾನಕ್ಕೆ 2014ರಲ್ಲಿ ಸೇರಿದ ದಂತವೈದ್ಯಕೀಯ ಶಾಖೆಯ ಸಲಹೆಗಳೂ ಈ ಎಚ್ಚರದಿಂದಲೇ ಹುಟ್ಟಿದವು: ಅಗತ್ಯಕ್ಕೆ ತಕ್ಕಂತೆ ಮಾತ್ರ ತೆಗೆಯುವುದು, ವೇಗದ ಫಿಲ್ಮ್ ಅಥವಾ ಡಿಜಿಟಲ್ ಸೆನ್ಸರ್ ಬಳಸುವುದು, ಕಿರಣದ ಹರವನ್ನು ಬೇಕಾದ ಜಾಗಕ್ಕಷ್ಟೇ ಸೀಮಿತಗೊಳಿಸುವುದು, ಮಗುವಿನ ಗಾತ್ರಕ್ಕೆ ಸರಿಯಾಗಿ ಯಂತ್ರವನ್ನು ಹೊಂದಿಸುವುದು. ಇವುಗಳಲ್ಲಿ ಕಿರಣವನ್ನು ಸೀಮಿತಗೊಳಿಸುವ ವಿಷಯ ಪೋಷಕರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಯಂತ್ರದ ಕೊಳವೆಯ ಬಾಯಿ ದುಂಡಗಿದ್ದರೆ ಕಿರಣ ಫಿಲ್ಮಿಗಿಂತ ಅಗಲವಾಗಿ ಹರಡುತ್ತದೆ. ಅದಕ್ಕೆ ಆಯತಾಕಾರದ ಕಿಂಡಿ ಅಳವಡಿಸಿದರೆ ವಿಕಿರಣ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಸೀಸದ ಏಪ್ರನ್ ಮತ್ತು ಕತ್ತಿನ ಪಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕಿರಣದ ಹರವು ಸೀಮಿತವಾಗಿರುವ ಇಂದಿನ ಯಂತ್ರಗಳಲ್ಲಿ ಇವೆರಡರ ಬಳಕೆ ಅಗತ್ಯವಿಲ್ಲವೆಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಹೇಳಿತು. ಅವು ಕೆಲವೊಮ್ಮೆ ಚಿತ್ರಕ್ಕೆ ಅಡ್ಡ ಬಂದು ಮತ್ತೆ ತೆಗೆಯುವ ಪರಿಸ್ಥಿತಿ ತರುತ್ತವೆ ಎಂಬುದೂ ಅದಕ್ಕೆ ಒಂದು ಕಾರಣ. ಆದರೂ ಅನೇಕ ಕಡೆ ನಿಯಮ ಅಥವಾ ರೂಢಿಯ ಪ್ರಕಾರ ಅವುಗಳನ್ನು ತೊಡಿಸುತ್ತಾರೆ. ಹೀಗಾಗಿ ಏಪ್ರನ್ ಹಾಕಲಿಲ್ಲ ಎಂದ ಮಾತ್ರಕ್ಕೆ ನಿರ್ಲಕ್ಷ್ಯವೆಂದು ಭಾವಿಸಬೇಕಾಗಿಲ್ಲ, ಹಾಕಿದರೆ ಭಯಪಡಬೇಕಾಗಿಯೂ ಇಲ್ಲ.

ವೈದ್ಯರ ಬಳಿ ಕೇಳಬೇಕಾದದ್ದು

ಪ್ರಶ್ನೆ ಕೇಳುವುದು ಅವಿನಯವಲ್ಲ. ‘ಈ ಎಕ್ಸ್-ರೇಯಲ್ಲಿ ನೀವು ಏನನ್ನು ಹುಡುಕುತ್ತಿದ್ದೀರಿ, ಅದು ಕಂಡರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಎಂಬ ಒಂದೇ ಪ್ರಶ್ನೆ ಬಹುಪಾಲು ಕೆಲಸ ಮಾಡುತ್ತದೆ, ಏಕೆಂದರೆ ಚಿತ್ರದಲ್ಲಿ ಏನು ಕಂಡರೂ ಚಿಕಿತ್ಸೆ ಬದಲಾಗುವುದಿಲ್ಲವೆಂದಾದರೆ ಆ ಚಿತ್ರಕ್ಕೆ ಅರ್ಥವಿಲ್ಲ. ಹಿಂದೆ ಬೇರೆ ಕಡೆ ತೆಗೆಸಿದ ಎಕ್ಸ್-ರೇ ಇದ್ದರೆ ಅದೇ ಸಾಲುತ್ತದೆಯೇ ಎಂದು ವಿಚಾರಿಸಿ. ಎಷ್ಟು ಚಿತ್ರ ತೆಗೆಯುತ್ತಾರೆ, ಮಕ್ಕಳ ಅಳತೆಯ ಫಿಲ್ಮ್ ಅಥವಾ ಸೆನ್ಸರ್ ಇದೆಯೇ, ಯಂತ್ರವನ್ನು ಮಗುವಿನ ಪ್ರಮಾಣಕ್ಕೆ ಹೊಂದಿಸುತ್ತಾರೆಯೇ ಎಂದೂ ಕೇಳಬಹುದು. ತಂತಿ ಇರುವ ಗಟ್ಟಿ ಸೆನ್ಸರ್ ದಪ್ಪಗಿದ್ದು ಪುಟ್ಟ ಬಾಯಿಗೆ ಚುಚ್ಚುತ್ತದೆ. ಫಾಸ್ಫರ್ ಪ್ಲೇಟ್ ಎಂಬ ತೆಳುವಾದ, ತಂತಿಯಿಲ್ಲದ ಹಾಳೆ ಹಲವು ಮಕ್ಕಳಿಗೆ ಸಹ್ಯವಾಗುತ್ತದೆ. ಆಯ್ಕೆ ಇರುವಲ್ಲಿ ಇದನ್ನು ಹೇಳಿ ಕೇಳಿಕೊಳ್ಳುವುದರಲ್ಲಿ ಲಾಭವಿದೆ.

ಮಗುವನ್ನು ಅಣಿಗೊಳಿಸುವ ಬಗೆ

ಪೋಷಕರ ಶ್ರಮಕ್ಕೆ ಹೆಚ್ಚು ಫಲ ಸಿಗುವುದು ಇಲ್ಲಿಯೇ. ಹೋಗುವ ಹಿಂದಿನ ದಿನ ಅಥವಾ ಅದೇ ದಿನ ಬೆಳಗ್ಗೆ ಮಗುವಿಗೆ ಸರಳವಾಗಿ ತಿಳಿಸಿ: ಹಲ್ಲಿನ ಒಳಗೆ ಏನಿದೆ ಎಂದು ನೋಡಲು ಡಾಕ್ಟರು ಒಂದು ದೊಡ್ಡ ಕ್ಯಾಮೆರಾದಿಂದ ಫೋಟೋ ತೆಗೆಯುತ್ತಾರೆ, ನೀನು ಒಂದು ಪುಟ್ಟ ಕಾರ್ಡನ್ನು ಕಚ್ಚಿ ಹಿಡಿದು ಗೊಂಬೆಯ ಹಾಗೆ ಅಲುಗದೆ ಕೂರಬೇಕು. ಇಷ್ಟು ಸಾಕು. ವಾರಕ್ಕೆ ಮುಂಚೆಯೇ ಹೇಳಿದರೆ ಮಗುವಿನ ಕಲ್ಪನೆ ಭಯವನ್ನು ಬೆಳೆಸಲು ಸಮಯ ಸಿಗುತ್ತದೆ. ‘ಸ್ವಲ್ಪವೂ ನೋಯುವುದಿಲ್ಲ, ಹೆದರಬೇಡ’ ಎಂಬ ಮಾತು ಸಾಂತ್ವನದಂತೆ ಕೇಳಿಸಿದರೂ ನೋವು ಮತ್ತು ಹೆದರಿಕೆ ಎಂಬ ಎರಡು ವಿಚಾರಗಳನ್ನು ಮಗುವಿನ ತಲೆಗೆ ತುಂಬುತ್ತದೆ. ಕಾರ್ಡು ಬಾಯಲ್ಲಿ ಸ್ವಲ್ಪ ಒತ್ತಿದಂತೆ ಆಗಬಹುದು, ಹತ್ತು ಎಣಿಸುವಷ್ಟರಲ್ಲಿ ತೆಗೆಯುತ್ತಾರೆ ಎಂದು ಇದ್ದದ್ದನ್ನು ಇದ್ದಂತೆ ಹೇಳುವುದೇ ಮೇಲು, ಏಕೆಂದರೆ ಹೇಳಿದ್ದು ಮತ್ತು ಆದದ್ದು ಒಂದೇ ಆದಾಗ ಮಗುವಿಗೆ ಮುಂದಿನ ಸಲವೂ ನಿಮ್ಮ ಮಾತಿನ ಮೇಲೆ ನಂಬಿಕೆ ಇರುತ್ತದೆ. ತುಂಟತನ ಮಾಡಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಗದರಿಸುವ ಅಭ್ಯಾಸ ಮನೆಯಲ್ಲಿದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ಮನೆಯಲ್ಲಿ ಆಟದಂತೆ ಅಭ್ಯಾಸ ಮಾಡಿಸಬಹುದು. ಮಗುವಿನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಹಿಂಭಾಗದ ಹಲ್ಲುಗಳ ನಡುವೆ ಮೆಲ್ಲನೆ ಕಚ್ಚಿಸಿ, ಮೂಗಿನಿಂದ ಉಸಿರಾಡಲು ಹೇಳಿ, ಒಂದರಿಂದ ಹತ್ತರವರೆಗೆ ನೀವು ಎಣಿಸಿ. ಆಮೇಲೆ ಇನ್ನೊಂದು ಬದಿ. ಅವಸರ ಬೇಡ, ಮಗು ಸಾಕೆಂದರೆ ನಿಲ್ಲಿಸಿ, ಮತ್ತು ಬ್ರಷ್ ಬಾಯಲ್ಲಿರುವಾಗ ಓಡಾಡಲು ಬಿಡಬೇಡಿ. ಮೂಗಿನಿಂದ ಉಸಿರಾಡುವ ಅಭ್ಯಾಸ ಬಹಳ ಮುಖ್ಯ, ಏಕೆಂದರೆ ಬಾಯಿಂದ ಉಸಿರೆಳೆದಾಗ ವಾಕರಿಕೆ ಹೆಚ್ಚುತ್ತದೆ. ಮೂಗು ಕಟ್ಟಿಕೊಂಡು ನೆಗಡಿಯಾಗಿದ್ದ ದಿನ, ತುರ್ತು ಇಲ್ಲದಿದ್ದರೆ, ಎಕ್ಸ್-ರೇಯನ್ನು ಮುಂದಕ್ಕೆ ಹಾಕುವುದೇ ಸರಿ. ಹೊಟ್ಟೆ ಬಿರಿಯುವಷ್ಟು ಉಂಡ ಕೂಡಲೇ ಕರೆದೊಯ್ಯಬೇಡಿ. ಹಸಿದು ನಿದ್ದೆಗೆಟ್ಟ ಮಗುವೂ ಸಹಕರಿಸುವುದಿಲ್ಲ. ಚಿಕ್ಕ ಮಕ್ಕಳಿಗೆ ಬೆಳಗಿನ ಹೊತ್ತು ಅನುಕೂಲ. ಓಪಿಜಿ ತೆಗೆಯುವುದಿದ್ದರೆ ಕಿವಿಯೋಲೆ, ಸರ, ಹೇರ್ ಪಿನ್, ಕನ್ನಡಕ ಇವನ್ನೆಲ್ಲ ಮನೆಯಲ್ಲೇ ತೆಗೆದಿಡಿ, ಏಕೆಂದರೆ ಲೋಹದ ನೆರಳು ಹಲ್ಲಿನ ಮೇಲೆ ಬಿದ್ದರೆ ಚಿತ್ರ ಮತ್ತೆ ತೆಗೆಯಬೇಕಾಗುತ್ತದೆ.

ಕುರ್ಚಿಯಲ್ಲಿ ಕೂತ ಮೇಲೆ ಸಿಬ್ಬಂದಿ ಮೊದಲು ಹೇಳಿ, ಆಮೇಲೆ ತೋರಿಸಿ, ಕೊನೆಗೆ ಮಾಡುವ ಕ್ರಮವನ್ನು ಅನುಸರಿಸುತ್ತಾರೆ: ಫಿಲ್ಮನ್ನು ಮಗುವಿನ ಕೈಗೆ ಕೊಟ್ಟು ಮುಟ್ಟಿಸುತ್ತಾರೆ, ಯಂತ್ರವನ್ನು ಕೆನ್ನೆಯ ಹತ್ತಿರ ತಂದು ತೋರಿಸುತ್ತಾರೆ. ಆ ಹೊತ್ತಿನಲ್ಲಿ ಮಗುವಿಗೆ ಕೇಳಿಸಬೇಕಾದದ್ದು ಒಂದೇ ಧ್ವನಿ. ವೈದ್ಯರು ಒಂದು ಹೇಳುವಾಗ ಅಪ್ಪ ಇನ್ನೊಂದು, ಅಮ್ಮ ಮತ್ತೊಂದು ಹೇಳಿದರೆ ಮಗು ಗಲಿಬಿಲಿಗೊಳ್ಳುತ್ತದೆ. ಪಕ್ಕದಲ್ಲಿ ಶಾಂತವಾಗಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನಗುವುದು ಸಾಕು. ಫಿಲ್ಮ್ ಇಡುವ ಮೊದಲೇ ಯಂತ್ರವನ್ನು ಸರಿಯಾದ ಜಾಗಕ್ಕೆ ತಂದಿಟ್ಟುಕೊಂಡರೆ ಮಗು ಕಚ್ಚಿ ಹಿಡಿಯಬೇಕಾದ ಸಮಯ ಬಹಳ ಕಡಿಮೆಯಾಗುತ್ತದೆ, ಹಾಗೆಯೇ ಸುಲಭವಾದ ಮುಂಭಾಗದ ಚಿತ್ರವನ್ನು ಮೊದಲು ತೆಗೆದು ಹಿಂಭಾಗದ್ದನ್ನು ಆಮೇಲೆ ತೆಗೆದರೆ ಧೈರ್ಯ ಬರುತ್ತದೆ. ವಾಕರಿಕೆ ಹೆಚ್ಚಿರುವ ಮಗುವಿಗೆ ಕಾಲಿನ ಬೆರಳುಗಳನ್ನು ಆಡಿಸಲು ಅಥವಾ ಒಂದು ಕಾಲನ್ನು ಮೇಲೆತ್ತಿ ಹಿಡಿಯಲು ಹೇಳಿದರೆ ಗಮನ ಅತ್ತ ಹೋಗುತ್ತದೆ. ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಹಚ್ಚುವ ಉಪಾಯವನ್ನೂ ಕೆಲವು ದಂತವೈದ್ಯರು ಬಳಸುತ್ತಾರೆ.

ಮಗುವನ್ನು ಹಿಡಿದುಕೊಳ್ಳಲೇಬೇಕಾದರೆ ಆ ಕೆಲಸ ಪೋಷಕರದ್ದು, ದಿನವೂ ಅಲ್ಲೇ ದುಡಿಯುವ ಸಿಬ್ಬಂದಿಯದ್ದಲ್ಲ. ಹಿಡಿಯುವವರು ರಕ್ಷಣೆಯ ಏಪ್ರನ್ ತೊಟ್ಟು, ಕಿರಣದ ನೇರ ದಾರಿಯಿಂದ ಕೈ ಮತ್ತು ಮುಖವನ್ನು ದೂರವಿಡಬೇಕು. ಗರ್ಭಿಣಿಯಾಗಿದ್ದರೆ ಅಥವಾ ಅಂಥ ಸಂಭವವಿದ್ದರೆ ಮೊದಲೇ ತಿಳಿಸಿ, ಬೇರೆಯವರನ್ನು ಮಗುವಿನ ಜೊತೆ ಕೂರಿಸಬೇಕು.

ಆಟಿಸಂ ಇರುವ ಮಕ್ಕಳಿಗೆ, ಬಾಯಿಗೆ ಏನನ್ನೂ ತಾಗಿಸಿಕೊಳ್ಳದ ಮಕ್ಕಳಿಗೆ ಒಂದೇ ಭೇಟಿಯಲ್ಲಿ ಎಲ್ಲವೂ ಆಗಬೇಕೆಂದು ಹಟ ಹಿಡಿಯುವುದು ಅನ್ಯಾಯ. ಮೊದಲ ದಿನ ಕೋಣೆ ನೋಡುವುದು, ಇನ್ನೊಂದು ದಿನ ಕುರ್ಚಿಯಲ್ಲಿ ಕೂರುವುದು, ಮುಂದಿನ ಭೇಟಿಯಲ್ಲಿ ಫಿಲ್ಮನ್ನು ಬಾಯಲ್ಲಿ ಇಟ್ಟುಕೊಳ್ಳುವುದು, ಹೀಗೆ ಹಂತ ಹಂತವಾಗಿ ಹೋದರೆ ಹಲವು ಮಕ್ಕಳು ದಾರಿಗೆ ಬರುತ್ತಾರೆ. ಮಗುವಿಗೆ ಯಾವ ಸದ್ದು, ಯಾವ ಸ್ಪರ್ಶ ಸಹಿಸದು ಎಂಬುದನ್ನು ಮುಂಚಿತವಾಗಿ ವೈದ್ಯರಿಗೆ ಬರೆದುಕೊಡಿ.

ಮಗು ಒಪ್ಪದಿದ್ದರೆ

ಅತ್ತು ಒದ್ದಾಡುವ ಮಗುವಿನಿಂದ ಸ್ಪಷ್ಟ ಚಿತ್ರ ಸಿಗುವುದಿಲ್ಲ. ಬರಿಯ ತಪಾಸಣೆಯ ಎಕ್ಸ್-ರೇ ಆಗಿದ್ದರೆ ಅದನ್ನು ಕೆಲವು ತಿಂಗಳು ಮುಂದೂಡಿ, ಆವರೆಗೆ ಫ್ಲೋರೈಡ್ ಲೇಪನ, ಹಲ್ಲುಜ್ಜುವಿಕೆ, ಸಿಹಿಯ ಕಡಿತದಿಂದ ಕಾಪಾಡಿಕೊಳ್ಳಬಹುದು. ವಿಕಿರಣವಿಲ್ಲದೆ ನೋಡುವ ಕೆಲವು ದಾರಿಗಳೂ ಇವೆ. ಎರಡು ಹಲ್ಲುಗಳ ನಡುವೆ ಪುಟ್ಟ ರಬ್ಬರ್ ಉಂಗುರವನ್ನು ಕೆಲವು ದಿನ ಇಟ್ಟರೆ ಸಂದು ತುಸು ತೆರೆದುಕೊಂಡು ಪಕ್ಕದ ಮೈ ಕಣ್ಣಿಗೇ ಕಾಣುತ್ತದೆ. ಹಲ್ಲಿನ ಮೂಲಕ ಪ್ರಬಲ ಬೆಳಕನ್ನು ಹಾಯಿಸಿ ಹುಳುಕಿನ ನೆರಳನ್ನು ಗುರುತಿಸುವ ಸಾಧನಗಳೂ ಬಂದಿವೆ. ಆದರೆ ಬೇರು, ಮೂಳೆ, ಮೂಡದ ಹಲ್ಲು ಇವಾವುವೂ ಈ ವಿಧಾನಗಳಲ್ಲಿ ಕಾಣುವುದಿಲ್ಲ. ಕೆನ್ನೆ ಊದಿಕೊಂಡಿದ್ದರೆ, ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ, ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದಿದ್ದರೆ ಮುಂದೂಡುವ ಮಾತೇ ಬೇಡ.

ಬಿದ್ದು ಹಲ್ಲಿಗೆ ಪೆಟ್ಟಾದಾಗಲೂ ಹಾಗೆಯೇ. ಹಲ್ಲು ಒಳಗೆ ತೂರಿಹೋಗಿದೆಯೇ, ಬೇರು ಮುರಿದಿದೆಯೇ, ಹಾಲುಹಲ್ಲಿನ ಬೇರು ಕೆಳಗಿರುವ ಶಾಶ್ವತ ಹಲ್ಲಿನ ಮೊಳಕೆಯನ್ನು ತಾಗಿದೆಯೇ ಎಂಬುದು ಎಕ್ಸ್-ರೇ ಇಲ್ಲದೆ ತಿಳಿಯುವುದು ಕಷ್ಟ. ಹಲ್ಲಿನ ಚೂರು ಮುರಿದಿದ್ದು ಅದು ಎಲ್ಲೂ ಸಿಗದಿದ್ದರೆ, ತುಟಿಯಲ್ಲೂ ಗಾಯವಾಗಿದ್ದರೆ, ಚೂರು ತುಟಿಯೊಳಗೆ ಹುದುಗಿರಬಹುದು. ತುಟಿಗೂ ಒಂದು ಎಕ್ಸ್-ರೇ ಬೇಕೇ ಎಂದು ಕೇಳಿ. ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದಿದ್ದರೆ ಬೇರನ್ನು ಮುಟ್ಟದೆ, ಸಾಧ್ಯವಾದರೆ ಅದನ್ನು ಕೂಡಲೇ ಅದರ ಜಾಗದಲ್ಲಿ ಕೂರಿಸಿ, ಆಗದಿದ್ದರೆ ಹಾಲಿನಲ್ಲಿಟ್ಟು ಅರ್ಧ ಗಂಟೆಯೊಳಗೆ ವೈದ್ಯರ ಬಳಿ ತಲುಪಲು ಯತ್ನಿಸಬೇಕು. ಕಿತ್ತುಬಂದ ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು. ಪೆಟ್ಟಾದ ಹಲ್ಲಿಗೆ ಮುಂದಿನ ವಾರ, ತಿಂಗಳುಗಳಲ್ಲಿ ಮತ್ತೆ ಎಕ್ಸ್-ರೇ ತೆಗೆಯುವಂತೆ ಹೇಳಿದರೆ ಅದು ಅನವಶ್ಯಕವೆಂದು ಬಿಡಬೇಡಿ. ಬೇರು ಕರಗುವುದು, ತಿರುಳು ಸಾಯುವುದು ನಿಧಾನವಾಗಿ ನಡೆಯುವ ಕ್ರಿಯೆಗಳಾದ್ದರಿಂದ ಮೊದಲ ದಿನದ ಚಿತ್ರದೊಂದಿಗೆ ಹೋಲಿಸಿಯೇ ಅವನ್ನು ಗುರುತಿಸಬೇಕು.

ಚಿತ್ರ ಬಂದ ಮೇಲೆ

ಪರದೆಯ ಮೇಲೆ ಚಿತ್ರವನ್ನು ತೋರಿಸಿ ವಿವರಿಸುವಂತೆ ವೈದ್ಯರನ್ನು ಕೇಳಿ, ಮಗುವೂ ನೋಡಲಿ. ಎನಾಮಲ್ ಬೆಳ್ಳಗೆ, ಅದರೊಳಗಿನ ಡೆಂಟಿನ್ ಬೂದು ಬಣ್ಣದಲ್ಲಿ, ತಿರುಳು ಕಪ್ಪಾಗಿ ಕಾಣುತ್ತವೆ. ಎರಡು ಹಲ್ಲು ತಾಗುವ ಕಡೆ ಬಿಳಿಯ ಅಂಚಿನಲ್ಲಿ ಕಪ್ಪು ಕಚ್ಚು ಕಂಡರೆ ಅದು ಹುಳುಕಿರಬಹುದು. ನೆರಳು ಎನಾಮಲ್‌ನಲ್ಲಷ್ಟೇ ಇದ್ದರೆ ಕೊರೆದು ತುಂಬಿಸುವ ಬದಲು ಫ್ಲೋರೈಡ್ ಮತ್ತು ಶುಚಿತ್ವದಿಂದ ತಡೆದು ಕಾದು ನೋಡಬಹುದೇ ಎಂದು ವಿಚಾರಿಸಿ, ಏಕೆಂದರೆ ಹಲವು ಸಂದರ್ಭಗಳಲ್ಲಿ ಅದು ಸಾಧ್ಯ. ಹಾಗೆ ಕಾಯುವುದಾದರೆ ಮುಂದಿನ ಎಕ್ಸ್-ರೇ ಯಾವಾಗ, ಅದರಲ್ಲಿ ಯಾವ ಹಲ್ಲನ್ನು ನೋಡಬೇಕು ಎಂಬುದನ್ನು ಬರೆಸಿಕೊಳ್ಳಿ. ಚಿತ್ರದ ಪ್ರತಿಯನ್ನು ತೆಗೆದ ದಿನಾಂಕ ಮತ್ತು ಮಗುವಿನ ಹೆಸರಿನೊಂದಿಗೆ ಪಡೆದು, ಲಸಿಕೆಯ ದಾಖಲೆಯ ಜೊತೆಗೇ ಇಟ್ಟುಕೊಂಡು, ಊರು ಅಥವಾ ವೈದ್ಯರು ಬದಲಾದಾಗ ಮೊದಲ ಭೇಟಿಗೇ ಅದನ್ನು ಕೊಂಡೊಯ್ಯಿರಿ.